ಗಂಟಿನ ಮೇಲೆ ಕೂತ ಹೆಂಗಸು

ಇಪ್ಪತ್ತು ವರ್ಷ ಗುರುವಿನ ಚಿತ್ರಗಳಲ್ಲಿ ಆಕಾಶ ಬರೆದವನು ಹೆಂಡ್ರಿಕ್ ಕೋಲ್ಸ್. ಹೊಗೆ, ಹಗ್ಗ, ಹಡಗಿನ ತುಕ್ಕು, ಒದ್ದೆ ಕಲ್ಲು, ಬಟ್ಟೆಗಂಟು ಎಲ್ಲವೂ ಅವನ ಕೈಯದೇ. ಆದರೆ ಆಂಟ್‌ವರ್ಪ್ ಬಂದರಿನಲ್ಲಿ ಅಮೆರಿಕದ ಹಡಗಿಗೆ ಕಾಯುವ ಯಹೂದಿಗಳನ್ನು ಬರೆದು ಹೆಸರಾದವನು ಅವನ ಗುರು ವಾಲ್ರಾವನ್ಸ್. ಮುದುಕ ಬರೆಯುತ್ತಿದ್ದದ್ದು ಮುಖಗಳನ್ನಷ್ಟೇ. ಕೈ ನಡುಗತೊಡಗಿದ ಮೇಲೆ ಸಹಿಯನ್ನೂ ಶಿಷ್ಯನಿಂದಲೇ ಹಾಕಿಸುತ್ತಿದ್ದ. ಚಳಿಗಾಲದಲ್ಲಿ ಸತ್ತಾಗ ಆ ಶಿಷ್ಯನಿಗೆಂದು ಬಿಟ್ಟುಹೋದದ್ದು ಒಂದು ಕೊಡೆ. ಅದರ ಕಡ್ಡಿಯೂ ಮುರಿದಿತ್ತು.

ಗುರುವಿನ 'ಕೊನೆಯ ಚಿತ್ರ'ವನ್ನು ತಾನೇ ಬರೆಯುವುದು ಹೆಂಡ್ರಿಕನಿಗೆ ಮೋಸವೆಂದು ಅನ್ನಿಸಲೇ ಇಲ್ಲ. ಗುರು ಬಿಗಿದಿಟ್ಟಿದ್ದ ಕ್ಯಾನ್ವಾಸು ಮೂಲೆಯಲ್ಲಿತ್ತು. ಬಣ್ಣಗಳು ಅದೇ ಪೆಟ್ಟಿಗೆಯವು. ಸಹಿಯಂತೂ ಅಸಲಿ, ಅಂದರೆ ಎಂದಿನಂತೆ ಹೆಂಡ್ರಿಕನದೇ. ಕೊರತೆ ಒಂದೇ ಆಗಿತ್ತು: ಮುಖ. ಮನಸ್ಸಿನಿಂದ ಬರೆದ ಮುಖಗಳೆಲ್ಲ ಯಾಕೋ ಕೊಡೆಯಂತೆಯೇ ಕಾಣುತ್ತಿದ್ದವು.

ಊರಿನ ಯಾರನ್ನಾದರೂ ಕೂರಿಸಿದರೆ ನಾಳೆ ಬಾಯಿ ಬಿಡುತ್ತಾರೆ. ಯೋಚಿಸಿ ಯೋಚಿಸಿ, ಬೇಸಿಗೆಯಲ್ಲಿ ಒಂದು ದಿನ ಅವನು ಬಂದರಿಗೆ ಹೋದ. ಮಾರನೆಯ ದಿನ ಹಡಗು ಹತ್ತುವವರನ್ನೇ ಹುಡುಕಿದ. ಸಾಕ್ಷಿಯನ್ನು ಸಮುದ್ರದಾಚೆಗೆ ಸಾಗಿಸುವ ಖರ್ಚನ್ನು ಸಾಕ್ಷಿಯೇ ಕೊಡುವ ಇಂಥ ಏರ್ಪಾಡು ಯಾವ ಕಳ್ಳನಿಗೂ ಹೊಳೆದಿರಲಾರದು ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಸಿಕ್ಕವಳು ಫ್ರೂಮಾ. ರಷ್ಯಾದ ಕಡೆಯ ವಿಧವೆ, ಐವತ್ತು ದಾಟಿದವಳು. ಯಹೂದಿಗಳ ಮೇಲೆದ್ದ ಗಲಭೆಯಲ್ಲಿ ಮನೆ ಸುಟ್ಟುಹೋಗಿತ್ತು. ನ್ಯೂಯಾರ್ಕಿನಲ್ಲಿದ್ದ ಮಗ ಟಿಕೆಟ್ಟು ಕಳಿಸಿದ್ದ. ಗೋದಾಮಿನ ನೆರಳಲ್ಲಿ ಗಂಟಿನ ಮೇಲೆ ಕೂತಿದ್ದಳು. ಅವಳ ಯಿದ್ದಿಶ್ ಮಾತು, ಇವನ ಫ್ಲೆಮಿಶ್ ಮಾತು ಹೇಗೋ ಒಂದಕ್ಕೊಂದು ಹೊಂದಿಕೊಂಡವು. ರೊಟ್ಟಿ, ಉಪ್ಪುಮೀನು ಕೊಟ್ಟು ಅಲುಗಾಡದೆ ಕೂರಲು ಹೇಳಿದ.

"ನನ್ನಂಥವಳ ಮುಖ ತಗೊಂಡು ಏನ್ ಮಾಡ್ತೀರಿ ಯಜಮಾನ್ರೇ?"

"ಗೋಡೆಗೆ ಹಾಕ್ತಾರಮ್ಮ."

"ಗೋಡೆಗಾ? ನಮ್ಮೂರಲ್ಲಿ ನಮ್ಮನ್ನ ಗೋಡೆ ಪಕ್ಕ ನಿಲ್ಲೋಕೂ ಬಿಡ್ಲಿಲ್ಲ" ಎಂದು ಅವಳು ನಕ್ಕಳು.

ನಗಬೇಡಿ ಎಂದು ಅವನು ಗದರಿಸಿದ. ಅವನಿಗೆ ಬೇಕಾಗಿದ್ದದ್ದು ದುಃಖ. ಮಗನ ಮುಖ ಮರೆತುಹೋಗಿದೆಯೇನೋ ಎಂಬ ಅಂಜಿಕೆ ತನಗಿದೆ ಎಂದು ಅವಳು ಹೇಳುತ್ತಿದ್ದಂತೆ ಬೇಕಾದದ್ದು ಸಿಕ್ಕಿತು. ಹೆಂಡ್ರಿಕ್ ಸಂತೋಷದಿಂದ ಬರೆದುಕೊಂಡ. ಮಾರನೆಯ ದಿನ ಹಡಗು ಕಣ್ಮರೆಯಾಗುವವರೆಗೆ ಕಟ್ಟೆಯ ಮೇಲೆ ನಿಂತು ಟೋಪಿ ಬೀಸಿದ. ಅಷ್ಟು ಪ್ರೀತಿಯಿಂದ ಅವನು ಯಾರನ್ನೂ ಬೀಳ್ಕೊಟ್ಟಿರಲಿಲ್ಲ.

ಚಿತ್ರವನ್ನು ಒಲೆಯ ಬಳಿ ಒಣಗಿಸಿದ. ಅದನ್ನು ಕೊಂಡವನು ವಜ್ರದ ವ್ಯಾಪಾರಿ ಅನ್ಶೆಲ್ ಗ್ರಿನ್‌ಬಾಟ್. ಅದೇ ಕಟ್ಟೆಯಲ್ಲಿ ಹಿಂದೊಮ್ಮೆ ಟಿಕೆಟ್ಟಿಗೆ ಗತಿಯಿಲ್ಲದೆ ಉಳಿದುಹೋಗಿ ಶ್ರೀಮಂತನಾದವನು. ಚಿತ್ರ ನೋಡಿ ಅತ್ತ, ಬೆಲೆಗೆ ಚೌಕಾಸಿ ಮಾಡಲಿಲ್ಲ. ವಲಸಿಗರಿಗೆ ತಾನು ನಡೆಸುತ್ತಿದ್ದ ಗಂಜಿಕೇಂದ್ರದಲ್ಲೇ ಅದನ್ನು ತೂಗುಹಾಕಿಸಿದ.

ಶರತ್ಕಾಲದ ಒಂದು ಮಧ್ಯಾಹ್ನ ಅನಾವರಣ. ಊರಿನ ದೊಡ್ಡವರು ಮುಂದೆ, ಸೂಪಿಗೆ ಬಂದವರು ಹಿಂದೆ. ಹೆಂಡ್ರಿಕ್ ಮಾತಾಡಿದ. ಗುರುಗಳು ಜ್ವರದಲ್ಲೇ ಎದ್ದು ಕೂತು ಈ ಮುಖ ಬರೆದರು, ಕೊನೆಯ ಉಸಿರನ್ನು ಈ ಕಣ್ಣುಗಳಲ್ಲಿಟ್ಟರು, ತಾನು ಪಕ್ಕದಲ್ಲೇ ದೀಪ ಹಿಡಿದು ನಿಂತಿದ್ದೆ ಎಂದ. ಹೆಂಗಸರು ಕರ್ಚೀಫು ತೆಗೆದರು. ತನ್ನ ಮಾತಿಗೆ ತಾನೇ ಕರಗಿ ಅವನೂ ಎರಡು ಹನಿ ಉದುರಿಸಿದ.

ಆಗ ಹಿಂದಿನ ಬೆಂಚಿನಿಂದ ಒಬ್ಬಳು ಸೂಪಿನ ಬಟ್ಟಲು ಹಿಡಿದೇ ಎದ್ದು ಬಂದು ಚಿತ್ರದ ಮುಂದೆ ನಿಂತಳು. ಚಿತ್ರದ ಮುಖ, ಅವಳ ಮುಖ ಒಂದೇ. ಸಭೆ ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿತು. ಯಾವಾಗ ಕೂತಿದ್ದೆಯಮ್ಮ ಎಂದು ಗ್ರಿನ್‌ಬಾಟ್ ಮೆಲ್ಲಗೆ ಕೇಳಿದ. ಈ ಬೇಸಿಗೆಯಲ್ಲಿ, ಬರೆದವರು ಇವರೇ ಎಂದು ಅವಳು ಹೆಂಡ್ರಿಕನತ್ತ ಕೈ ತೋರಿದಳು. ಬೇಸಿಗೆಯ ಹೊತ್ತಿಗಾಗಲೇ ಗುರು ಮಣ್ಣಾಗಿ ಅರ್ಧ ವರ್ಷ ಕಳೆದಿತ್ತೆಂಬುದು ಊರಿಗೆಲ್ಲ ಗೊತ್ತು. ಹೆಂಡ್ರಿಕನ ಬಾಯಿಂದ ಬಂದದ್ದು ಒಂದೇ ಮಾತು: "ನೀವು ಅಮೆರಿಕಕ್ಕೆ ಹೋದ್ರಲ್ಲ!" ಫ್ರೂಮಾ ಕೆಂಪಗೆ ಊದಿದ ಕಣ್ಣುಗಳನ್ನು ಅವನತ್ತ ಎತ್ತಿದಳು. "ಹೋಗಿದ್ದೆ ಯಜಮಾನ್ರೇ. ಮಗನ್ನ ಬೇಲಿಯಾಚೆಯಿಂದ ನೋಡಿದೆ. ಕಣ್ಣಿನ ರೋಗ ಇದೆ ಅಂತ ಒಳಗೆ ಬಿಡ್ಲಿಲ್ಲ. ಅದೇ ಹಡಗಲ್ಲಿ ವಾಪಸ್ ಕಳಿಸಿದ್ರು."