ಒಂಬತ್ತನೇ ತಾರೀಖಿನ ಅಳತೆ

ಹನ್ನೊಂದನೇ ತಾರೀಖು ಮಂಗಳವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನದ ಬಟ್ಟೆಯಲ್ಲೇ ಇದ್ದಳು. ಕೈಯಲ್ಲಿ ಆಸ್ಪತ್ರೆಯ ಫೈಲಿತ್ತು.

“ನಮ್ಮನೆ ಡೀಸೆಲ್ ಟ್ಯಾಂಕಿಗೆ ಯಾರೋ ನೀರು ಸುರಿದಿದ್ದಾರೆ. ನಮ್ಮ ಯಜಮಾನ್ರು ಉಳಿದಿದ್ದೇ ಹೆಚ್ಚು.”

ಇನ್ಸ್‌ಪೆಕ್ಟರ್ ಒಂದೊಂದಾಗಿ ಕೇಳಿದರು. ಗಂಡನಿಗೆ ಶ್ವಾಸಕೋಶದ ಕಾಯಿಲೆ. ಮಹಡಿಯ ಕೋಣೆಯಲ್ಲಿ ಆಕ್ಸಿಜನ್ ಯಂತ್ರ ಹಗಲೂ ರಾತ್ರಿ ಓಡಬೇಕು. ದಿನಾ ಮಧ್ಯಾಹ್ನ ಎರಡರಿಂದ ಐದರವರೆಗೆ ಕರೆಂಟಿಲ್ಲದ ಊರು, ಹಾಗಾಗಿ ಮನೆಗೆ ಜನರೇಟರ್. ಸೋಮವಾರ ಕರೆಂಟು ಹೋದಾಗ ಅದು ತಾನಾಗಿಯೇ ಶುರುವಾಗಿ, ಹತ್ತು ನಿಮಿಷಕ್ಕೆ ನಿಂತಿತ್ತು. ಅವಳು ಔಷಧಿ ಅಂಗಡಿಗೆ ಹೋಗಿದ್ದಳು. 2.35ಕ್ಕೆ ಬಂದಾಗ ಗಂಡನ ತುಟಿ ನೀಲಿಗಟ್ಟಿತ್ತು.

“ನೀರು ಅಂತ ಹೇಗೆ ಗೊತ್ತಾಯ್ತು?”

“ಫಿಲ್ಟರ್ ಕೆಳಗಿನ ಗಾಜಿನ ಬಟ್ಟಲು ತುಂಬಾ ನೀರೇ ಇತ್ತು. ಹೊಸ ಟ್ಯಾಂಕ್ ಕೂರಿಸಿ ಹತ್ತೇ ದಿನ ಆಯ್ತು. ಅದನ್ನ ಕೂರಿಸಿದ ಮೆಕ್ಯಾನಿಕ್‌ನ ಒಳಗೆ ಹಾಕಿ. ಶುಕ್ರವಾರ ಇವರನ್ನ ಮನೆಗೆ ಕಳಿಸ್ತಾರಂತೆ. ಯಾರು ಮಾಡಿದ್ದು ಅಂತ ಗೊತ್ತಾಗದೆ ಯಾವ ಧೈರ್ಯದ ಮೇಲೆ ಕರ್ಕೊಂಡು ಹೋಗಲಿ?”

11.05ಕ್ಕೆ ಎಫ್‌ಐಆರ್ ದಾಖಲಾಯಿತು.

12.15ಕ್ಕೆ ಇನ್ಸ್‌ಪೆಕ್ಟರ್, ಹೆಡ್ ಕಾನ್‌ಸ್ಟೆಬಲ್ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೆಬಲ್ ಮನೆಗೆ ಹೋದರು. ಹಿತ್ತಲಲ್ಲಿ ಸಿಮೆಂಟು ಕಟ್ಟೆಯ ಮೇಲೆ ಐನೂರು ಲೀಟರಿನ, ಎರಡು ಪದರದ ಹೊಸ ಪ್ಲಾಸ್ಟಿಕ್ ಟ್ಯಾಂಕು. ಕಾಂಪೌಂಡಿನ ಬದಿಗೆ ಹಳೆಯ ಕಬ್ಬಿಣದ ಟ್ಯಾಂಕು ಮಗ್ಗುಲಾಗಿ ಬಿದ್ದಿತ್ತು. ಅದರ ತಳ ತುಕ್ಕು ಹಿಡಿದು ಜರಡಿಯಾಗಿತ್ತು. ಹೊಸ ಟ್ಯಾಂಕಿಗೆ ತಾಗಿದಂತೆ ಒಂದು ಚಿಕ್ಕ ಕೋಣೆ. ಅದರ ಒಂದೇ ಒಂದು ಕಿಟಕಿಗೆ ಈಗ ಟ್ಯಾಂಕಿನ ಬೆನ್ನು ಅಡ್ಡವಾಗಿತ್ತು.

“ಇಲ್ಲಿ ಯಾರಿರ್ತಾರೆ?”

“ನನ್ನ ಮೈದುನ,” ಎಂದಳು ಆಕೆ.

ಮೈದುನ ಹೊಸ್ತಿಲ ಮೇಲೆ ಕೂತಿದ್ದ. ನಲವತ್ತು ದಾಟಿದವನು, ಮದುವೆಯಾಗದವನು. ಪೊಲೀಸರನ್ನು ಕಂಡು ಎದ್ದ. ಅತ್ತಿಗೆಯತ್ತ ನೋಡಲಿಲ್ಲ.

ಪೊಲೀಸರು ಕರೆಸಿದ ಮೆಕ್ಯಾನಿಕ್ ಬಂದದ್ದು ಜಗಳಕ್ಕೆ ಸಿದ್ಧನಾಗಿಯೇ.

“ಸಾರ್, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರ ಮನೆ ಡೊಂಕು ನನ್ನ ತಲೆಗೆ ಕಟ್ತಿದ್ದಾರೆ.”

“ನಾಲಿಗೆ ಬಿಗಿ ಹಿಡಿದು ಮಾತಾಡು,” ಎಂದಳು ಆಕೆ.

“ಜೈಲಿಗೆ ಹಾಕಿಸ್ತೀನಿ ಅಂದೋರ ಹತ್ರ ಇನ್ನೇನು ಲಾಲಿ ಹಾಡಲಾ?”

“ಇಬ್ಬರೂ ಸುಮ್ಮನಿರಿ,” ಎಂದರು ಇನ್ಸ್‌ಪೆಕ್ಟರ್. “ನೀರು ತಾನಾಗೇ ಸೇರೋಕೆ ಸಾಧ್ಯವಾ?”

“ಟ್ಯಾಂಕು ಒಳಗೊಳಗೇ ಬೆವರುತ್ತೆ ಸಾರ್. ಅದು ಒಂದು ಲೋಟ, ಬಹಳ ಅಂದ್ರೆ ಎರಡು. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತೆ. ಅದಕ್ಕೇ ಎಳೆಯೋ ಪೈಪನ್ನ ತಳದಿಂದ ಹತ್ತು ಸೆಂಟಿಮೀಟರ್ ಮೇಲೆ ಇಟ್ಟಿದ್ದೀನಿ. ಎಂಜಿನ್ ನಿಲ್ಲಬೇಕಾದ್ರೆ ನೀರು ಅಲ್ಲಿವರೆಗೂ ಏರಬೇಕು.”

ಪಂಚರ ಎದುರು ಅವನು ಅಳತೆ ಕೋಲಿನ ತುದಿಗೆ ನೀರು ಪತ್ತೆಹಚ್ಚುವ ಮುಲಾಮು ಸವರಿ ಟ್ಯಾಂಕಿಗೆ ಇಳಿಸಿದ. ಹೊರತೆಗೆದಾಗ ತಳದಿಂದ ಹದಿಮೂರು ಸೆಂಟಿಮೀಟರ್ ವರೆಗೆ ಮುಲಾಮು ಕೆಂಪಾಗಿತ್ತು.

“ಐದು ಬಕೆಟ್ ನೀರು ಸಾರ್. ಇದು ಬೆವರಲ್ಲ, ಸ್ನಾನ.”

ಹೆಡ್ ಕಾನ್‌ಸ್ಟೆಬಲ್ ನಕ್ಕುಬಿಟ್ಟು, ಇನ್ಸ್‌ಪೆಕ್ಟರರ ಮುಖ ನೋಡಿ ಪಂಚನಾಮೆ ಬರೆಯಲು ತಲೆ ತಗ್ಗಿಸಿದ. ಮುಚ್ಚಳಕ್ಕೆ ಬೀಗವಿತ್ತು, ಒಡೆದಿರಲಿಲ್ಲ. ಬೀಗದ ಕೈ ಒಂದೇ. ಅದು ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು.

ಟ್ಯಾಂಕಿನ ಪಕ್ಕ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಒಂದು ರಟ್ಟಿನ ಕಾರ್ಡು ತೂಗುತ್ತಿತ್ತು. ಅದರಲ್ಲಿ ತಾರೀಖು, ಸೆಂಟಿಮೀಟರ್ ಲೆಕ್ಕದಲ್ಲಿ ಡೀಸೆಲ್ಲಿನ ಎತ್ತರ.

“ಇದು ನಮ್ಮ ಮಾವನವರ ಕಾಲದ ಪದ್ಧತಿ,” ಎಂದಳು ಆಕೆ. “ಮುಚ್ಚಳ ತೆಗೆದವರು ಕೋಲು ಇಳಿಸಿ ಅಳತೆ ಬರೀಬೇಕು. ಬರೀದೆ ಮುಚ್ಚಿದ್ರೆ ಮಕ್ಕಳಿಗೆ ಆವತ್ತು ಊಟ ಇರ್ತಿರಲಿಲ್ಲವಂತೆ.”

ಇನ್ಸ್‌ಪೆಕ್ಟರ್ ಕಾರ್ಡನ್ನು ಬೆಳಕಿಗೆ ಹಿಡಿದರು. ಒಂದನೇ ತಾರೀಖು, ಎಂಬತ್ತು. ನಾಲ್ಕು, ಎಪ್ಪತ್ತನಾಲ್ಕು. ಏಳು, ಅರವತ್ತೆಂಟು. ಒಂಬತ್ತು, ಎಪ್ಪತ್ತೇಳು.

“ಒಂದನೇ ತಾರೀಖಿನಿಂದೀಚೆ ಡೀಸೆಲ್ ತುಂಬಿಸಿದ್ರಾ?”

“ಇಲ್ಲ.”

ಮೆಕ್ಯಾನಿಕ್ ಬಗ್ಗಿ ನೋಡಿದ. “ಒಂಬತ್ತಕ್ಕೆ ಅರವತ್ನಾಲ್ಕು ಇರಬೇಕಿತ್ತು. ಡೀಸೆಲ್ ಏನು ಮರಿ ಹಾಕುತ್ತಾ ಸಾರ್?”

ಹದಿಮೂರು ಹೆಚ್ಚು. ಕೋಲಿನ ಮೇಲೂ ಹದಿಮೂರು.

“ಒಂಬತ್ತನೇ ತಾರೀಖು ಬರೆದದ್ದು ಯಾರು?”

ಆಕೆ ಕಾರ್ಡನ್ನು ನೋಡಿದಳು. ನೋಡುತ್ತಲೇ ನಿಂತಳು. ಮಹಿಳಾ ಕಾನ್‌ಸ್ಟೆಬಲ್ ಅವಳ ಮೊಣಕೈ ಹಿಡಿದುಕೊಂಡಳು.

“ಹೇಳಿ ಅಮ್ಮಾ.”

“ಮೈದುನನ ಅಕ್ಷರ.”

ಇನ್ಸ್‌ಪೆಕ್ಟರ್ ಅವನನ್ನು ಕೋಣೆಯೊಳಗೇ ಕೂರಿಸಿದರು. ಹಗಲು ಒಂದೂವರೆಗೆ ಅಲ್ಲಿ ದೀಪ ಹಾಕಬೇಕಾಯಿತು.

“ಭಾನುವಾರ ಮುಚ್ಚಳ ತೆಗೆದಿರಿ.”

“ಹೌದು. ಸಂಜೆ, ಕರೆಂಟು ಬಂದ ಮೇಲೆ.”

“ಯಾಕೆ?”

ಅವನು ಟ್ಯಾಂಕು ಅಡ್ಡವಾಗಿದ್ದ ಕಿಟಕಿಯತ್ತ ತಿರುಗಿದ.

“ನೀರು ಎಲ್ಲಿಂದ?”

“ಹಿತ್ತಲ ನಲ್ಲಿಯಿಂದ. ಪೈಪು ಬಿಟ್ಟೆ.”

“ಆಮೇಲೆ ಅಳತೆ ಬರೆದಿರಿ. ಅರವತ್ನಾಲ್ಕು ಅಂತ ಬರೆದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ.”

ಅವನು ಮೊದಲ ಸಲ ತಲೆಯೆತ್ತಿದ. “ಇಲ್ಲದ ಅಳತೆ ಬರೆಯೋದು ಹೇಗೆ?”

ಬಾಗಿಲಲ್ಲಿದ್ದ ಅತ್ತಿಗೆಗೆ ಇನ್ನು ತಡೆಯಲಾಗಲಿಲ್ಲ. “ಅಳತೆಗೆ ನಿಯತ್ತು! ಒಡಹುಟ್ಟಿದವನಿಗೆ ನೀರು! ಒಂದೇ ತಟ್ಟೇಲಿ ಉಂಡವನು ನೀನು.”

“ಒಂದೇ ತಟ್ಟೆ ಯಾವತ್ತು ಅತ್ತಿಗೆ? ನನ್ನ ತಟ್ಟೆ ಈ ಹೊಸ್ತಿಲಿಗೆ ಬರ್ತಿತ್ತು.”

“ತಂದಿಡ್ತಿದ್ದವಳು ಯಾರು? ನಾನೇ ತಾನೆ?”

“ಕೂಗದೆ ಇಟ್ಟು ಹೋಗ್ತಿದ್ರಿ. ಬೆಕ್ಕಿಗಾದ್ರೂ ಕರೆದು ಹಾಕ್ತಾರೆ.”

ಮಹಿಳಾ ಕಾನ್‌ಸ್ಟೆಬಲ್ ಆಕೆಯನ್ನು ಹೊರಗೆ ಕರೆದೊಯ್ದಳು.

ಮಧ್ಯಾಹ್ನ 3.40ಕ್ಕೆ ಅವನನ್ನು ಬಂಧಿಸಲಾಯಿತು. ಜೀಪು ಹತ್ತುವಾಗ ಅವನು ಮೆಕ್ಯಾನಿಕ್ ಕಡೆ ತಿರುಗಿ, “ತಳದ ನಲ್ಲಿ ಬಿಚ್ಚಿ ನೀರು ಪೂರ್ತಿ ಇಳಿಸು. ಎರಡೂ ಫಿಲ್ಟರ್ ಬದಲಾಯಿಸು. ಡೀಸೆಲ್ ಪೈಪಿನ ಗಾಳಿ ತೆಗೀದೆ ಎಂಜಿನ್ ಶುರು ಮಾಡಬೇಡ” ಎಂದ.

“ನೀವು ನಂಗೆ ಹೇಳಿಕೊಡಬೇಕಾಗಿಲ್ಲ,” ಎಂದ ಮೆಕ್ಯಾನಿಕ್. ಆದರೂ ಅಂಗೈ ಮೇಲೆ ಬರೆದುಕೊಂಡ.

ಠಾಣೆಯಲ್ಲಿ ಮೈದುನ ಕೊಟ್ಟ ಹೇಳಿಕೆ ಒಂದು ಪುಟಕ್ಕಿಂತ ಸ್ವಲ್ಪ ಹೆಚ್ಚು. ಹಳೆಯ ಟ್ಯಾಂಕನ್ನು ಹದಿನೆಂಟು ವರ್ಷ ಅವನೇ ನೋಡಿಕೊಂಡಿದ್ದ. ವಾರಕ್ಕೊಮ್ಮೆ ತಳದ ನೀರು ಇಳಿಸುತ್ತಿದ್ದ, ತೂತು ಬಿದ್ದಲ್ಲೆಲ್ಲ ತೇಪೆ ಹಾಕುತ್ತಿದ್ದ. ಹೊಸ ಟ್ಯಾಂಕು ಬರುವ ವಿಷಯ ಅವನಿಗೆ ತಿಳಿದದ್ದು ಲಾರಿ ಬಂದು ನಿಂತಾಗ. ಎಲ್ಲಿ ಕೂರಿಸೋಣ ಎಂದು ಮೆಕ್ಯಾನಿಕ್ ಕೇಳಿದ್ದಕ್ಕೆ ಅಣ್ಣ ಮಹಡಿಯಿಂದಲೇ ಇವನ ಕೋಣೆಯ ಕಿಟಕಿಯ ಮುಂದಿನ ಜಾಗ ತೋರಿಸಿದ್ದ.

“ಅಣ್ಣ ಸಾಯಲಿ ಅಂತಿತ್ತಾ?” ಇನ್ಸ್‌ಪೆಕ್ಟರ್ ಕೇಳಿದರು.

“ಇಲ್ಲ ಸಾರ್. ಜನರೇಟರ್ ನಿಂತಾಗೆಲ್ಲ ಅವನು ಮೇಲಿಂದ ನನ್ನ ಕೂಗ್ತಿದ್ದ. ಬಯ್ದುಕೊಂಡೇ ಕೂಗ್ತಿದ್ದ. ನಾನು ಹೋಗಿ ಐದು ನಿಮಿಷದಲ್ಲಿ ಸರಿ ಮಾಡ್ತಿದ್ದೆ. ಹೊಸದು ಬಂದ ಮೇಲೆ ಒಂದು ಸಲಾನೂ ಕೂಗಿರಲಿಲ್ಲ.”

“ಸೋಮವಾರ ಎಲ್ಲಿದ್ರಿ?”

“ಮೆಟ್ಟಿಲ ಬುಡದಲ್ಲಿ. ಸ್ಪಾನರ್ ಹಿಡ್ಕೊಂಡು ನಿಂತಿದ್ದೆ. ಕೂಗಲಿ, ಹೋಗ್ತೀನಿ ಅಂತ ಕಾದೆ.”

ಹೆಡ್ ಕಾನ್‌ಸ್ಟೆಬಲ್ ಬರೆಯುವುದನ್ನು ನಿಲ್ಲಿಸಿದ.

“ಅವನಿಗೆ ಕೂಗೋಕೆ ಉಸಿರೇ ಇಲ್ಲ ಅಂತ ನಂಗೆ ಹೊಳೀಲಿಲ್ಲ ಸಾರ್.”