ಕೆಂಪಿ ಕಾವಿಗೆ ಕೂತ ಕಾರು

"ಅಯ್ಯಯ್ಯಪ್ಪಾ!" ಎಂದು ಗುಜರಿಯವನು ಕೈ ಕೊಡವಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

ಅವನು ಮಾಡಿದ್ದಿಷ್ಟೇ. ಕಾರಿನ ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ ಕೈ ಇಟ್ಟಿದ್ದ. ಅಲ್ಲಿ ಒಣಹುಲ್ಲಿನ ಮೇಲೆ ಕೂತಿದ್ದ ಕೆಂಪಿ ಕೋಳಿ ರೆಕ್ಕೆ ಕೆದರಿಕೊಂಡು ಸರಿಯಾಗಿ ಹೆಬ್ಬೆರಳಿಗೇ ಕುಕ್ಕಿತ್ತು.

"ಮುಟ್ಟಬ್ಯಾಡ ಕಣಪ್ಪ, ಕಾವಿಗೆ ಕೂತದೆ," ಎಂದಳು ಸಣ್ಣತಾಯಮ್ಮಜ್ಜಿ. ಅವಳು ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರದಿಂದ ತಲೆ ಕೂಡ ಎತ್ತಲಿಲ್ಲ.

ನಂದಿತಾಳ ಅಪ್ಪ ಶಂಕರನಿಗೆ ಸಿಟ್ಟು ಬಂತು. "ಏನವ್ವಾ ಇದು? ಇದುಕ್ಕೆ ಕೂರಾಕೆ ಬೇರೆ ಜಾಗ ಸಿಗನಿಲ್ವಾ?"

"ನಾನೇನ್ ಮಾಡ್ಲಿ? ಕಿಟಕಿ ಗಾಜು ಇಳಿದಿತ್ತು. ಹೋಗಿ ಕೂತುಬುಟ್ಟದೆ. ಕಾವಿಗೆ ಕೂತ ಕೋಳೀನ ಎಬ್ಬಿಸಬಾರದು ಅಂತ ಗೊತ್ತಿಲ್ವಾ ನಿಂಗೆ? ಹದಿಮೂರು ಜೀವ ಅವೆ ಅದರ ಕೆಳಗೆ."

"ಇನ್ನೆಷ್ಟು ದಿನ?"

"ಕೂತು ನಾಕು ದಿನ ಆಗದೆ. ಇಪ್ಪತ್ತೊಂದಕ್ಕೆ ಮರಿ."

ಗುಜರಿಯವನು ಹೆಬ್ಬೆರಳು ಚೀಪುತ್ತಾ ಲೆಕ್ಕ ಹಾಕಿದ. "ಹದಿನೇಳು ದಿನ ಬುಟ್ಕಂಡು ಬತ್ತೀನಿ ಬುಡಿ. ಕೋಳಿ ಜೊತೆ ಯಾರು ಜಗಳ ಆಡ್ತಾರೆ!" ಎಂದು ಗಾಡಿ ಹತ್ತಿ ಹೊರಟೇಹೋದ.

ಕಂಬದ ಹಿಂದೆ ನಿಂತಿದ್ದ ನಂದಿತಾಗೆ ಕೆಂಪಿಯನ್ನು ಎತ್ತಿ ಮುದ್ದಾಡಬೇಕು ಅನ್ನಿಸಿತು. ಆದರೆ ಗುಜರಿಯವನ ಹೆಬ್ಬೆರಳು ನೆನಪಾಗಿ ಸುಮ್ಮನಾದಳು.

ಅದು ಸೋಮಯ್ಯ ತಾತನ ಕಾರು. ಬಿಳಿ ಮಾರುತಿ. ಬಿಳಿ ಅನ್ನುವುದು ಈಗ ಬರೀ ಮಾತಿಗೆ. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ಅಂಗಡಿಯವರೊಬ್ಬರು ಹೊಸ ಕಾರು ತಗೊಂಡಾಗ ಇದನ್ನು ತಾತನಿಗೆ ತೀರಾ ಅಗ್ಗಕ್ಕೆ ಕೊಟ್ಟಿದ್ದರು. ಅವರು ಕನ್ನಡಿಗೆ ಕಟ್ಟಿದ್ದ ಬಣ್ಣಬಣ್ಣದ ಪ್ರಾರ್ಥನೆಯ ಬಾವುಟಗಳ ದಾರವನ್ನು ತಾತ ಬಿಚ್ಚಲೇ ಇಲ್ಲ. "ದೇವ್ರು ಯಾರದಾದ್ರೂ ಕಾಯ್ತದೆ ಬುಡು" ಅನ್ನುತ್ತಿದ್ದ.

ತಾತ ಹೋಗಿ ನಾಲ್ಕು ವರ್ಷ ಆಯಿತು. ಅವತ್ತಿನಿಂದ ಕಾರು ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ಮುಂದೆ ನಿಂತಲ್ಲೇ ನಿಂತಿದೆ. ನಾಲ್ಕೂ ಟೈರು ಚಪ್ಪಟೆ. ಬಾನೆಟ್ಟಿನ ಮೇಲೆ ಕುಂಬಳದ ಬಳ್ಳಿ ಹಬ್ಬಿ, ಎರಡು ವರ್ಷ ಕಾಯಿಯನ್ನೂ ಬಿಟ್ಟಿತ್ತು.

"ಅಪ್ಪಾ, ಕಾರು ಯಾಕೆ ಕೊಡ್ಬೇಕು?" ನಂದಿತಾ ಕೇಳಿದಳು.

"ಮುಂದಿನ ತಿಂಗಳು ಬ್ಯಾರನ್ನಿಗೆ ಸೌದೆ ಲೋಡ್ ಬತ್ತದೆ ಕಣವ್ವ. ಎಲ್ಲಿ ಇಳಿಸ್ಲಿ? ನಿನ್ನ ಸ್ಕೂಲ್ ಬ್ಯಾಗಲ್ಲಾ?"

"ಕಾರು ಓಡಿದ್ರೆ?"

ಅಪ್ಪನಿಗೆ ನಗು ಬಂತು. "ಓಡಿದ್ರಾ? ಅದು ತನ್ನ ಚಕ್ರದ ಮೇಲೆ ತಾನು ಆ ಹುಣಸೆ ಮರದ ತಂಕ ಹೋಗ್ಲಿ, ಇಟ್ಕೋ. ನಾನೇನೂ ಅನ್ನಲ್ಲ."

"ಪ್ರಾಮಿಸ್?"

"ಪ್ರಾಮಿಸ್."

ದೊಡ್ಡವರು ನಗುತ್ತಾ ಪ್ರಾಮಿಸ್ ಮಾಡಬಾರದು. ಮಕ್ಕಳು ಅದನ್ನು ನಿಜ ಅಂದುಕೊಳ್ಳುತ್ತಾರೆ.

ಮರುದಿನವೇ ನಂದಿತಾ ಬಸ್ ಸ್ಟಾಪಿನ ಪಕ್ಕ ಗ್ಯಾರೇಜು ಇಟ್ಟಿದ್ದ ಮಹೇಂದ್ರಣ್ಣನ ಮುಂದೆ ನಿಂತಿದ್ದಳು. ಅವನು ರಿಪೇರಿ ಮಾಡುತ್ತಿದ್ದುದು ಬೈಕುಗಳನ್ನು. ಆದರೆ ಸೋಮಯ್ಯನ ಕಾರು ಅಂದ ಕೂಡಲೇ ಕೈ ಒರೆಸಿಕೊಂಡ.

"ನಂಗೆ ಸ್ಟೇರಿಂಗ್ ಹಿಡಿಯಾಕೆ ಹೇಳ್ಕೊಟ್ಟಿದ್ದೇ ನಿಮ್ ತಾತ ಕಣೆ. ಬೇಲಿಗೆ ಗುದ್ದಿದ್ರೂ ಬೈಲಿಲ್ಲ. 'ಬೇಲಿ ಮತ್ತೆ ಹಾಕ್ಬೋದು, ನೀನು ಹೆದರ್ಕಂಡ್ರೆ ಕಷ್ಟ' ಅಂದ್ರು. ಬತ್ತೀನಿ ನಡಿ."

ಬಂದದ್ದೇನೋ ಬಂದ. ಆದರೆ ಅಜ್ಜಿ ಬಾಗಿಲಲ್ಲೇ ತಡೆದು ನಿಲ್ಲಿಸಿದಳು. "ನೋಡು ಮಹೇಂದ್ರ, ಏನ್ ಬೇಕಾದ್ರೂ ಮಾಡ್ಕೋ. ಆದ್ರೆ ಡಬಡಬ ಅನ್ನಿಸಂಗಿಲ್ಲ. ಮರಿ ಆಗೋ ಗಂಟ ಇಂಜಿನ್ ಶುರು ಮಾಡಂಗಿಲ್ಲ. ಕೋಳಿ ಎದ್ರೆ ಮೊಟ್ಟೆ ತಣ್ಣಗಾಯ್ತವೆ."

"ಶುರು ಮಾಡ್ದೆ ರಿಪೇರಿ ಆಗದೆ ಅಂತ ಎಂಗೆ ಗೊತ್ತಾಯ್ತದೆ ದೊಡ್ಡವ್ವಾ?"

"ಅದು ನಿನ್ ಪಾಡು."

ಹೀಗೆ ಆ ಊರಲ್ಲಿ ಎಂದೂ ನಡೆಯದ ರಿಪೇರಿ ಶುರುವಾಯಿತು. ಮಹೇಂದ್ರಣ್ಣ ಗ್ಯಾರೇಜು ಮುಚ್ಚಿ ಸಂಜೆ ಹೊತ್ತು ಬರುತ್ತಿದ್ದ. ಬಾನೆಟ್ಟನ್ನು ತೊಟ್ಟಿಲು ಮುಟ್ಟಿದ ಹಾಗೆ ಎತ್ತುತ್ತಿದ್ದ. ಪಿಸುಮಾತಿನಲ್ಲಿ ಬೈದುಕೊಳ್ಳುತ್ತಿದ್ದ. ಇಲಿ ಕಡಿದ ವೈರುಗಳನ್ನು ಕಿತ್ತು ಬೇರೆ ಹಾಕಿದ. ಟ್ಯಾಂಕಿನಲ್ಲಿ ಉಳಿದಿದ್ದ ಹಳೇ ಪೆಟ್ರೋಲನ್ನು ಇಳಿಸಿದ. ಅದರ ವಾಸನೆಗೆ ಅವನೇ ಮೂಗು ಮುಚ್ಚಿಕೊಂಡ.

ನಂದಿತಾಗೆ ಕೈತುಂಬಾ ಕೆಲಸ. ಪ್ಲಗ್ಗುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿದಳು. ಸೈಕಲ್ ಪಂಪಿನಿಂದ ಟೈರಿಗೆ ಗಾಳಿ ಹೊಡೆದಳು. ನೂರು ಸಲ ಒತ್ತಿದರೂ ಟೈರು ಉಬ್ಬಿದ್ದು ಒಂದು ಬೆರಳು. ಕಾರಿನ ಮೈಯನ್ನೂ ತೊಳೆದಳು. ಅಪ್ಪ ನೋಡಿ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿತಾವ್ಳೆ," ಅಂದ. ನಂದಿತಾ ಕೇಳಿಸದವಳ ಹಾಗೆ ಇನ್ನೊಂದು ಬಕೆಟ್ ನೀರು ತಂದಳು.

ಡಿಕ್ಕಿಯಲ್ಲಿ ತಾತನ ಟೂಲ್ಸ್ ಸಿಕ್ಕವು. ಸ್ಪ್ಯಾನರುಗಳು ಒಂದೊಂದೂ ಖಾಕಿ ಬಟ್ಟೆಯ ಒಂದೊಂದು ಜೇಬಿನಲ್ಲಿ. ಒಂದು ಜೇಬು ಮಾತ್ರ ಖಾಲಿ.

"ಹತ್ತು-ಹನ್ನೆರಡಿಂದು ಇಲ್ಲ. ಕೆಂಪು ಟೇಪ್ ಸುತ್ತಿದ್ರು ಅದುಕ್ಕೆ. ಅದೇ ಬೇಕಿತ್ತು," ಎಂದ ಮಹೇಂದ್ರಣ್ಣ.

"ಅಜ್ಜಿ, ನೀನು ನೋಡಿದ್ಯಾ?"

"ನಂಗೇನ್ ಗೊತ್ತು ಸ್ಪ್ಯಾನರು ಗೀನರು?" ಎಂದು ಅಜ್ಜಿ ಒಳಗೆ ಹೋದಳು.

ಒಂದು ಸಂಜೆ ಮಳೆಯ ಜೊತೆ ದೊಡ್ಡ ಗುಡುಗು ಶುರುವಾಯಿತು. ನಂದಿತಾ ಜಗಲಿಯಲ್ಲಿದ್ದ ಅಜ್ಜಿಯ ಹತ್ತಿರ ಓಡಿದಳು. ಗುಡುಗಿಗೆ ಕಾವಿನ ಮೊಟ್ಟೆ ಕೆಡುತ್ತವೆ ಅಂತ ಅವಳಿಗೆ ಗೊತ್ತು. ಅದಕ್ಕೇ ಪ್ರತಿವರ್ಷ ಅಡುಗೆಮನೆ ಮೂಲೆಯಲ್ಲಿ ಕಾವಿಗೆ ಇಡುವಾಗ ಅಜ್ಜಿ ಮೊಟ್ಟೆಯ ಕೆಳಗೆ ಒಂದು ಇದ್ದಿಲು, ಒಂದು ಕಬ್ಬಿಣದ ಚೂರು ಇಡುತ್ತಿದ್ದಳು.

"ಅಜ್ಜೀ, ಈ ಸಲ ಕೆಂಪಿ ತಾನೇ ಹೋಗಿ ಕೂತಿದೆ. ಇದ್ದಿಲು ಇಲ್ಲ, ಕಬ್ಬಿಣ ಇಲ್ಲ. ಮೊಟ್ಟೆ ಎಲ್ಲಾ ಹಾಳಾಗುತ್ತೆ!"

"ಏನೂ ಆಗಾಕಿಲ್ಲ. ಬಾ ಇಲ್ಲಿ, ಕೂತ್ಕೋ."

ಅಜ್ಜಿ ಮಳೆಯ ಆಚೆ ನಿಂತಿದ್ದ ಕಾರನ್ನೇ ನೋಡುತ್ತಿದ್ದಳು. ತಾನಾಗಿಯೇ ಮಾತು ತೆಗೆದಳು.

"ನಮ್ ತೌರು ಸಾಲಿಗ್ರಾಮ ಅಲ್ವಾ? ಮೂವತ್ತು ವರ್ಷ ಬಸ್ಸಲ್ಲೇ ಹೋಗಿದ್ದೆ. ಕಂಕುಳಲ್ಲಿ ನಿಮ್ಮಪ್ಪ, ತಲೆ ಮೇಲೆ ಗಂಟು. ಈ ಕಾರು ತಂದ ವಾರ ನಿಮ್ ತಾತ, 'ನಡಿಯೇ, ತೌರಿಗೆ ಹೋಗಿ ಬರಾನ' ಅಂದ್ರು. ನಮ್ಮಣ್ಣನ ಮನೆ ಮುಂದೆ ನಿಲ್ಸಿ ಹಾರನ್ ಹೊಡೆದ್ರು ನೋಡು, ಬೀದಿಗ್ ಬೀದಿಯೇ ಆಚೆಗೆ ಬಂತು! ನಂಗೆ ನಾಚ್ಕೆ. ಇಳಿಯಾಕೇ ಬರ್ಲಿಲ್ಲ. ಬಾಗಿಲು ತೆಗೆಯೋದು ಗೊತ್ತಿರ್ಲಿಲ್ಲ ಕಣೆ! ಅವ್ರೇ ಬಂದು ತೆಗೆದ್ರು."

ಅಜ್ಜಿ ನಕ್ಕಳು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ನಂದಿತಾ ಅವಳ ತೊಡೆಯ ಮೇಲೆ ತಲೆ ಇಟ್ಟಳು. ಅವಳಿಗೂ ತಾತ ತುಂಬಾ ನೆನಪಾದ.

ಇಪ್ಪತ್ತೊಂದನೇ ದಿನ ಭಾನುವಾರ ಬಿತ್ತು. ಬೆಳಿಗ್ಗೆಯೇ ಕಾರಿನೊಳಗಿಂದ ಚಿಂವ್ ಚಿಂವ್ ಸದ್ದು. ಹದಿಮೂರರಲ್ಲಿ ಹನ್ನೊಂದು ಮರಿ! ಅಜ್ಜಿ ಒಂದೊಂದನ್ನೇ ಮಡಿಲಿಗೆ ಹಾಕಿಕೊಂಡು ಹೋಗಿ ಮಂಕರಿ ಬುಟ್ಟಿಯ ಕೆಳಗೆ ಬಿಟ್ಟಳು. ಕೆಂಪಿ ಬೈಯುತ್ತಾ ಹಿಂದೆ ಹೋಯಿತು.

ಅದೇ ಹೊತ್ತಿಗೆ ಗುಜರಿಯವನ ಗಾಡಿಯೂ ಬಂದು ನಿಂತಿತು. ಹೇಳಿದ ದಿನಕ್ಕೆ ಸರಿಯಾಗಿ ಬರುವ ಜನ ಕಡಿಮೆ, ಆದರೆ ಬೇಡದವರು ಬಂದೇ ಬರುತ್ತಾರೆ.

"ಒಂದ್ ನಿಮ್ಷ ಇರಿ ಅಂಕಲ್!" ನಂದಿತಾ ಮಹೇಂದ್ರಣ್ಣನನ್ನು ಕರೆಯಲು ಓಡಿದಳು.

ಮಹೇಂದ್ರಣ್ಣ ಟ್ರಾಕ್ಟರಿನ ಬ್ಯಾಟರಿ ತಂದು ವೈರು ಸಿಕ್ಕಿಸಿ ಕೀಲಿ ತಿರುಗಿಸಿದ. ಕರ್ ಕರ್ ಕರ್. ನಿಂತಿತು. ಮತ್ತೆ ತಿರುಗಿಸಿದ. ಕರ್ ಕರ್. ಮೂರನೇ ಸಲ, ನಾಲ್ಕನೇ ಸಲ. ಅವನ ಹಣೆಯಲ್ಲಿ ಬೆವರು. "ಪೆಟ್ರೋಲ್ ಬತ್ತಾ ಅದೆ, ಕರೆಂಟ್ ಅದೆ. ತಣ್ಣಗಿರೋ ಇಂಜಿನ್ನಿಗೆ ಚೋಕ್ ಎಳೆಯಾನ ಅಂದ್ರೆ ಅದರ ಹಿಡಿಯೇ ಮುರಿದೋಗದೆ."

ಗುಜರಿಯವನು ಗಾಡಿಯಿಂದ ಹಗ್ಗ ತೆಗೆದ. ಅಪ್ಪ ಮೆತ್ತಗೆ, "ಬುಡು ಮಗಾ, ಆಗಿದ್ದು ಆಯ್ತು," ಅಂದ. ನಂದಿತಾಳ ಕಣ್ಣು ತುಂಬಿ ಬಂತು.

ಚೋಕು! ತಾತನ ತೊಡೆ, ಅವನ ಅಂಗಿಯ ಹೊಗೆಸೊಪ್ಪಿನ ವಾಸನೆ, 'ಎಳಿ ಮಗಾ' ಅನ್ನುವ ದನಿ. ಎಲ್ಲವೂ ಒಟ್ಟಿಗೇ ನೆನಪಾದವು. ಹಿಡಿ ಮುರಿದ ಮೇಲೆ ತಾತ ಅಲ್ಲಿಗೊಂದು ತಂತಿ ಕಟ್ಟಿದ್ದ. ಅದನ್ನು ಎಳೆಯುವುದು ದಿನಾ ಅವಳ ಕೆಲಸವೇ ಆಗಿತ್ತು!

ಅವಳು ಒಳಗೆ ನುಗ್ಗಿ ಸ್ಟೇರಿಂಗಿನ ಕೆಳಗೆ ತಡಕಿದಳು. ಜೇಡರ ಬಲೆಯೊಳಗೆ ತಂತಿ ಸಿಕ್ಕಿತು. ಅದರ ತುದಿಯಲ್ಲಿ ಅವಳದೇ ಹಳೇ ಕಾಲ್ಗೆಜ್ಜೆಯ ಒಂದು ಗೆಜ್ಜೆ.

"ಈಗ ತಿರುಗ್ಸಿ ಅಣ್ಣಾ!" ಎಂದು ಎಳೆದು ಹಿಡಿದಳು.

ಕರ್ ಕರ್ ಕರ್... ಡುರ್ರ್! ಒಂದು ಸಲ ಕೆಮ್ಮಿತು. ಬುಸ್ಸೆಂದು ಕರೀ ಹೊಗೆ ಬಿಟ್ಟಿತು. ಆಮೇಲೆ ಡುಡುಡುಡು ಎಂದು ನಡುಗುತ್ತಾ ಶುರುವಾಯಿತು. ಮಂಕರಿಯೊಳಗೆ ಕೆಂಪಿ ಕಿರುಚಿಕೊಂಡಿತು. ನಂದಿತಾ ಅದಕ್ಕಿಂತ ಜೋರಾಗಿ ಕಿರುಚಿದಳು.

ಕಾರು ಇಷ್ಟಿಷ್ಟೇ ಉರುಳಿ, ಕುಂಬಳದ ಬಳ್ಳಿಯನ್ನು ಎಳೆದುಕೊಂಡು, ಹುಣಸೆ ಮರ ಮುಟ್ಟಿತು.

ಅಪ್ಪ ಹೋಗಿ ಬಾನೆಟ್ಟಿನ ಮೇಲೆ ಕೈ ಇಟ್ಟು ನಿಂತ. ಆಮೇಲೆ ಗುಜರಿಯವನಿಗೆ, "ಬ್ಯಾರನ್ ಹಿಂದೆ ಹಳೇ ತಗಡು ಅವೆ, ತಗಂಡೋಗಿ. ಇದನ್ನ ಕೊಡಾಕಿಲ್ಲ," ಎಂದ.

"ಪೇಪರ್ರು ಸರಿ ಮಾಡ್ಸೋ ಗಂಟ ರೋಡಿಗೆ ಇಳಿಸಂಗಿಲ್ಲ ಶಂಕ್ರಣ್ಣ," ಎಂದ ಸ್ಟೇರಿಂಗ್ ಹಿಡಿದಿದ್ದ ಮಹೇಂದ್ರಣ್ಣ. "ತೋಟದಲ್ಲಿ ಒಂದು ರೌಂಡ್ ಹೋಗ್ಬೋದು."

"ಅವ್ವಾ, ಬಾ," ಎಂದು ಅಪ್ಪ ಮುಂದಿನ ಬಾಗಿಲು ತಾನೇ ತೆಗೆದು ಹಿಡಿದ.

ಅಜ್ಜಿ ಸೆರಗು ಸರಿಮಾಡಿಕೊಂಡು ಕೂತಳು. ನಂದಿತಾ ಹಿಂದೆ ಕೂರಲೆಂದು ಸೀಟಿನ ಮೇಲಿದ್ದ ಹುಲ್ಲನ್ನು ಬಾಚಿದಳು. ಕೈಗೆ ಏನೋ ಗಟ್ಟಿಯಾಗಿ ತಗುಲಿತು.

ಒಂದು ಇದ್ದಿಲು. ಅದರ ಪಕ್ಕದಲ್ಲಿ ಕೆಂಪು ಟೇಪ್ ಸುತ್ತಿದ ಹತ್ತು-ಹನ್ನೆರಡರ ಸ್ಪ್ಯಾನರು.

ನಂದಿತಾ ಸ್ಪ್ಯಾನರನ್ನೇ ನೋಡಿದಳು. ಗಾಜು ಇಳಿದ ಕಿಟಕಿಯನ್ನು ನೋಡಿದಳು. ಕೋಳಿ ಕಿಟಕಿಯಿಂದ ಹಾರಿ ಬರಬಹುದು. ಆದರೆ ಯಾವ ಕೋಳಿಯೂ ಒಲೆಯಿಂದ ಇದ್ದಿಲು ತರುವುದಿಲ್ಲ.

ಮುಂದಿನ ಸೀಟಿನಲ್ಲಿ ಅಜ್ಜಿ ಬೆನ್ನು ನೆಟ್ಟಗೆ ಮಾಡಿಕೊಂಡು ಎದುರಿಗೇ ನೋಡುತ್ತಿದ್ದಳು. ಒಂದು ಕೈ ಬಣ್ಣ ಹೋದ ಬಾವುಟಗಳನ್ನು ಸವರುತ್ತಿತ್ತು.

"ಏನೇ ಅದು, ಇನ್ನೂ ಹತ್ತಿಲ್ವಾ?" ಅಪ್ಪ ಕೇಳಿದ.

"ಏನಿಲ್ಲಪ್ಪಾ, ಹುಲ್ಲು ತೆಗೀತಿದ್ದೆ."

ಅವಳು ಸ್ಪ್ಯಾನರನ್ನು ಲಂಗಕ್ಕೆ ಒರೆಸಿದಳು. ಡಿಕ್ಕಿ ತೆಗೆದು ಖಾಕಿ ಬಟ್ಟೆಯ ಖಾಲಿ ಜೇಬಿಗೆ ಸೇರಿಸಿದಳು. ಇದ್ದಿಲನ್ನು ಯಾರಿಗೂ ಕಾಣದ ಹಾಗೆ ಹುಲ್ಲಿನ ಜೊತೆ ಬೇಲಿಯಾಚೆ ಎಸೆದಳು. ಆಮೇಲೆ ಬಂದು ಕೂತು, ಮುಂದಕ್ಕೆ ಬಾಗಿ ಅಜ್ಜಿಯ ಹೆಗಲ ಮೇಲೆ ಗಲ್ಲ ಇಟ್ಟಳು.

"ಅಜ್ಜಿ, ಪೇಪರ್ ಸರಿಯಾದ ಮೇಲೆ ಮೊದಲು ಸಾಲಿಗ್ರಾಮಕ್ಕೆ ಹೋಗಣ. ಹಾರನ್ ನಾನು ಹೊಡೀತೀನಿ."

ಅಜ್ಜಿ ತಿರುಗಿ ನೋಡಲಿಲ್ಲ. ಅವಳ ಕೈ ಹಿಂದಕ್ಕೆ ಬಂದು, ಇದ್ದಿಲಿನಿಂದ ಕಪ್ಪಾಗಿದ್ದ ನಂದಿತಾಳ ಬೆರಳುಗಳನ್ನು ಹಿಡಿದುಕೊಂಡಿತು. ಕಾರು ಹೊರಟಿತು.