ಗಂಜಿ ಹತ್ತಿದ ಕೈ

ಲಿಂಬೆಹಣ್ಣು ಚಮಚ ಬಿಟ್ಟು ಬರಲೇ ಇಲ್ಲ.

ಗುರುಬಸವ್ವ ಎಲ್ಲರಿಗಿಂತ ಮೊದಲು ಗೆರೆ ದಾಟಿದ್ದಳು. "ಒಂದನೇ ನಂಬರು ಗುರುಬಸವ್ವ!" ಎಂದು ಹುಡುಗಿಯರು ಕೂಗುತ್ತಿದ್ದರು. ಇನ್ನು ಬಾಯಲ್ಲಿ ಕಚ್ಚಿದ್ದ ಚಮಚ ತೆಗೆದು, ಹಣ್ಣನ್ನು ಬುಟ್ಟಿಗೆ ಹಾಕಿದರೆ ಮುಗಿಯಿತು. ಆದರೆ ಚಮಚ ಬೋರಲು ಮಾಡಿದರೂ ಹಣ್ಣು ಬೀಳಲಿಲ್ಲ!

ಅವಳು ಎಲ್ಲರಿಗೂ ಬೆನ್ನು ತಿರುಗಿಸಿ, ಉಗುರು ಹಾಕಿ ಹಣ್ಣು ಕಿತ್ತು ಬುಟ್ಟಿಗೆ ಎಸೆದಳು. ಚಮಚಕ್ಕೂ ಬೆರಳಿಗೂ ಉಗುಳು ಹಚ್ಚಿ, ಉಟ್ಟಿದ್ದ ಪರಕಾರದ ಅಂಚಿಗೆ ತಿಕ್ಕಿ ತಿಕ್ಕಿ ಒರೆಸಿದಳು.

ಅಂಟಿದ್ದು ಗಂಜಿ. ಮಗ್ಗದ ಮೇಲೆ ನೂಲು ಹರಿಯದಿರಲಿ ಎಂದು ಬನಹಟ್ಟಿಯ ನೇಕಾರರು ಹಿಟ್ಟು ಕುದಿಸಿ ನೂಲಿಗೆ ಹಚ್ಚುತ್ತಾರಲ್ಲ, ಅದೇ ಗಂಜಿ. ಅದನ್ನು ಎಲೆಯಲ್ಲಿ ಕಟ್ಟಿಕೊಂಡು ಬಂದು, ಸಾಲಿನಲ್ಲಿ ನಿಂತಾಗ ಗುಟ್ಟಾಗಿ ಚಮಚಕ್ಕೆ ಸವರಿದ್ದಳು. ಬಿಸಿಲಿಗೆ ಗಂಜಿ ಒಣಗಿ ಬಿಗಿಯುತ್ತದೆ ಎಂದು ನೇಕಾರರ ಮನೆಯ ಈ ಜಾಣೆಗೆ ಹೊಳೆದಿರಲಿಲ್ಲ.

ಇಷ್ಟೆಲ್ಲ ಯಾಕೆ? ಮೊದಲ ಇಬ್ಬರು ಜಮಖಂಡಿಗೆ ಹೋಗುವವರಿದ್ದರು. ಸಂಸ್ಥಾನದ ರಾಜೇಸಾಹೇಬರ ಹುಟ್ಟುಹಬ್ಬಕ್ಕೆ ಅಲ್ಲಿ ದೊಡ್ಡ ಪಂದ್ಯ. ಅದೂ ಮೋಟಾರಿನಲ್ಲಿ ಹೋಗುವುದು!

ಎರಡನೆಯವಳಾಗಿ ಬಂದವಳು ಹಾಲವ್ವ. ಅವಳ ಅಪ್ಪ ಹೊಳೆಪ್ಪ, ಗುರುಬಸವ್ವನ ಮನೆಯ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದ. ಹಾಲವ್ವ ದಿನಾ ಬೆಳಿಗ್ಗೆ ಅವರ ಅಂಗಳದಲ್ಲಿ ಗಂಜಿ ಕುದಿಸಿ, ಆಮೇಲೆ ಶಾಲೆಗೆ ಓಡಿಬರುತ್ತಿದ್ದಳು. ಗೆಳತಿಯರಿಬ್ಬರೂ ಒಂದು ತಿಂಗಳು ಅದೇ ಅಂಗಳದಲ್ಲಿ ಚಮಚ ಕಚ್ಚಿ ಓಡಿದ್ದರು. ಹಾಲವ್ವನ ಹಣ್ಣು ಬೀಳುತ್ತಿರಲಿಲ್ಲ. ಗುರುಬಸವ್ವನದು ದಿನಾ ಬೀಳುತ್ತಿತ್ತು.

"ಹೋಗೂಮುಂದ ಕಿಡಕಿ ಕಡೆ ನಾ ಕುಂಡ್ರಾಕಿ ಬೇ!" ಹಾಲವ್ವ ಓಡಿಬಂದು ಗೆಳತಿಯ ಕೈ ಹಿಡಿದಳು. "ಬರೂಮುಂದ ನೀ ಕುಂಡ್ರು."

ಅಷ್ಟರಲ್ಲಿ ಶಾಲೆಯ ಶಿಕ್ಷಕಿ ಶಾಂತಕ್ಕಾರು ಬುಟ್ಟಿಯಿಂದ ಒಂದು ಹಣ್ಣು ಎತ್ತಿದರು. ಬೆರಳಿಗೆ ಬಿಳಿ ಅಂಟು ಹತ್ತಿತು. ಮೂಸಿ ನೋಡಿದರು.

"ಗಂಜಿ! ಯಾರ ಕೆಲಸ ಇದು?"

ಹುಡುಗಿಯರು ಬುಟ್ಟಿಯ ಸುತ್ತ ಮುತ್ತಿಕೊಂಡರು.

"ಎಲ್ಲಾರೂ ಕೈ ತೋರಸ್ರಿ."

ಎಂಟು ಹುಡುಗಿಯರು ಕೈ ಚಾಚಿದರು. ಗುರುಬಸವ್ವನ ಕೈ ಸ್ವಚ್ಛ. ಹಾಲವ್ವನ ಉಗುರಿನ ಸಂದಿಯಲ್ಲೆಲ್ಲ ಒಣಗಿದ ಗಂಜಿ.

"ಮತ್ತ ಇದೇನ ಬೇ?"

"ನಾ ದಿನಾ ಗಂಜಿ ಕುದಸ್ತೇನ್ರಿ ಅಕ್ಕಾರ. ಅದಕ್ಕ..."

"ಹೌದ ಹೌದ, ಅದಕ್ಕ ನಿನಗ ಈ ಬುದ್ಧಿ ಹೊಳದೈತಿ!"

ಹಾಲವ್ವ ಸರಕ್ಕನೆ ಗುರುಬಸವ್ವನ ಕಡೆ ತಿರುಗಿದಳು. ಆ ದಿನ ಬೆಳಿಗ್ಗೆ "ಪುಸ್ತಕ ಹರದೈತಿ, ಹಚ್ಚಾಕ ಒಂದೀಟು ಗಂಜಿ ಕೊಡ ಬೇ" ಎಂದು ಗುರುಬಸವ್ವ ಕೇಳಿದ್ದಳು. "ಇನ್ನಷ್ಟು ತಗೋ" ಎಂದು ಎಲೆಯ ತುಂಬ ಹಾಕಿಕೊಟ್ಟವಳು ಹಾಲವ್ವನೇ.

ಅವಳಿಗೆ ಎಲ್ಲ ತಿಳಿಯಿತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಅಪ್ಪ ನೇಯುವ ಮಗ್ಗ ಯಾರದು? ಹಾಲವ್ವ ಕೈ ಕೆಳಗಿಳಿಸಿದಳು.

ಹೇಳಬೇಕಾದವಳು ಗುರುಬಸವ್ವ. ಬಾಯಿ ತೆರೆದಳು ಕೂಡ. ಮೋಟಾರು ನೆನಪಾಯಿತು. ಮುಚ್ಚಿಕೊಂಡಳು. ಥೂ, ಎಂಥ ಗೆಳತಿ!

ಶಾಂತಕ್ಕಾರು ಹಾಲವ್ವನ ಹೆಸರು ಹೊಡೆದುಹಾಕಿ, ಮೂರನೆಯವಳಾಗಿದ್ದ ಅನುಸೂಯಾಳ ಹೆಸರು ಬರೆದರು.

ಜಮಖಂಡಿಗೆ ಹೋಗುವಾಗಲೂ ಬರುವಾಗಲೂ ಗುರುಬಸವ್ವನೇ ಕಿಡಕಿಯ ಕಡೆ ಕುಳಿತಳು. ಪಾಳಿ ಕೇಳಲು ಹಾಲವ್ವ ಎಲ್ಲಿದ್ದಳು? ಅಲ್ಲಿ ನಾಲ್ಕನೇ ಹೆಜ್ಜೆಗೇ ಅವಳ ಹಣ್ಣು ಬಿತ್ತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಎಂದಿನಂತೆ ಒಲೆ ಉರಿಯುತ್ತಿತ್ತು. ಹಾಲವ್ವ ಗಡಿಗೆಯಲ್ಲಿ ಗಂಜಿ ತಿರುವುತ್ತಿದ್ದಳು.

"ಹಾಲವ್ವಾ, ಇವತ್ತ ಅಕ್ಕಾರ ಮುಂದ ಖರೆ ಹೇಳ್ತೇನಿ ಬೇ. ದೇವರಾಣಿ."

ಹಾಲವ್ವ ತಲೆ ಎತ್ತಲಿಲ್ಲ.

"ಹೇಳಿದರ ಮೋಟಾರ ತಿರುಗಿ ಬರತೈತೇನ?"

ಗುರುಬಸವ್ವ ಎಂದಿನಂತೆ ಕೋಲು ಹಿಡಿದು ತಾನೂ ಒಂದಿಷ್ಟು ತಿರುವೋಣವೆಂದು ಒಲೆಯ ಹತ್ತಿರ ಬಂದಳು. ಕೈ ಚಾಚಿದಳು.

ಹಾಲವ್ವ ಕೋಲು ತೆಗೆದಿಟ್ಟು, ಗಡಿಗೆಯ ಮೇಲೆ ತಟ್ಟೆ ಮುಚ್ಚಿದಳು. ಮುಚ್ಚಿ, ಅದರ ಮೇಲೆ ಕೈ ಇಟ್ಟುಕೊಂಡು ಕುಳಿತಳು. ಬೆಕ್ಕು ಬಂದಾಗ ಹಾಲಿನ ಗಡಿಗೆಯನ್ನು ಗುರುಬಸವ್ವನ ಅವ್ವ ಹೀಗೇ ಮುಚ್ಚುತ್ತಿದ್ದಳು.

ಗುರುಬಸವ್ವ ಚಾಚಿದ ಕೈಯನ್ನು ನೋಡಿಕೊಂಡಳು. ಅಷ್ಟು ಸ್ವಚ್ಛವಾದ ಕೈ ಆ ಅಂಗಳದಲ್ಲಿ ಬೇರೆ ಯಾರದೂ ಇರಲಿಲ್ಲ. ಅದನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡಳು.